ಸಾಯ್ ಓನ್ ಪರಿಸರವಾದಿಯಲ್ಲ, ರಾಜ್ಯ ನಡೆಸಿದ ಅಧಿಕಾರಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಒಕಿನಾವಾ ದ್ವೀಪದ ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಶತಾಯುಷಿಗಳು, ಕರಾಟೆ, ಅಲ್ಲಿನ ಊಟ ಇತ್ಯಾದಿಗಳ ನಡುವೆ ಸಾಯ್ ಓನ್ ಎಂಬ ಹೆಸರೂ ಕಾಣಿಸಿಕೊಂಡದ್ದು ಸಂತೋಷದ ಸಂಗತಿಯೇ. ಆದರೆ ಅವನಿಗೆ ಸಿಕ್ಕಿದ್ದು ಒಂದೇ ಒಂದು ವಾಕ್ಯ: ಜಪಾನಿನ ಈ ಜ್ಞಾನಿ ಮುನ್ನೂರು ವರ್ಷಗಳ ಹಿಂದೆಯೇ ಪರಿಸರವಾದಿಯಾಗಿದ್ದನಂತೆ. ಆತ ಜಪಾನಿನ ಪ್ರಜೆಯಾಗಿರಲಿಲ್ಲ, ಪರಿಸರವಾದಿಯಂತೂ ಅಲ್ಲ. ಅರಣ್ಯ ಇಲಾಖೆಯಲ್ಲಿ ಬಹುಕಾಲ ದುಡಿದು ನಿವೃತ್ತನಾದ ನಾನು ಅವನ ಕಾಡಿನ ನಿಯಮಗಳ ಬಗ್ಗೆ ಸಿಕ್ಕಷ್ಟು ಓದಿದ್ದೇನೆ. ನನಗೆ ಅಲ್ಲಿ ಕಂಡವನು ಕಾಡನ್ನು ಬೊಕ್ಕಸದ, ಹಡಗಿನ ಮತ್ತು ಅರಮನೆಯ ಕಂಬಗಳ ಲೆಕ್ಕದಲ್ಲಿ ನೋಡಿದ ಒಬ್ಬ ಕಟ್ಟುನಿಟ್ಟಿನ ಆಡಳಿತಗಾರ. ಹಾಗೆ ನೋಡಿದ್ದರಿಂದ ಅವನ ಯೋಗ್ಯತೆ ಕಡಿಮೆಯಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಪತ್ರ ಸ್ವಲ್ಪ ದೀರ್ಘವಾಗುತ್ತದೆ, ದಯವಿಟ್ಟು ಮನ್ನಿಸಬೇಕು.

ಮೊದಲು ಅವನ ನಾಡಿನ ವಿಷಯ. ಇಂದು ಜಪಾನಿನ ಒಂದು ಪ್ರಾಂತವಾಗಿರುವ ಒಕಿನಾವಾ 1879ರವರೆಗೆ ರ್ಯುಕ್ಯು ಎಂಬ ಪ್ರತ್ಯೇಕ ರಾಜ್ಯವಾಗಿತ್ತು. ಅದಕ್ಕೆ ತನ್ನದೇ ರಾಜವಂಶ, ಶುರಿ ಎಂಬ ರಾಜಧಾನಿ, ನಾಹಾ ಎಂಬ ಬಂದರು, ತನ್ನದೇ ಭಾಷೆ ಇದ್ದವು. 1372ರಿಂದ ಅದು ಚೀನಾದ ಚಕ್ರವರ್ತಿಗೆ ಕಪ್ಪಕಾಣಿಕೆ ಸಲ್ಲಿಸುತ್ತಿತ್ತು, ಆ ಸಂಬಂಧದ ನೆರಳಿನಲ್ಲಿ ವ್ಯಾಪಾರ ಮಾಡಿ ಬೆಳೆದಿತ್ತು. 1609ರಲ್ಲಿ ದಕ್ಷಿಣ ಜಪಾನಿನ ಸತ್ಸುಮಾ ಸಂಸ್ಥಾನದ ಶಿಮಾಜು ಒಡೆಯರು ಸುಮಾರು 3,000 ಸೈನಿಕರನ್ನು ಕಳಿಸಿ ರ್ಯುಕ್ಯುವನ್ನು ಗೆದ್ದರು, ದೊರೆಯನ್ನು ಸೆರೆಹಿಡಿದು ಕೊಂಡೊಯ್ದರು, ಉತ್ತರದ ಅಮಾಮಿ ದ್ವೀಪಗಳನ್ನು ಕಿತ್ತುಕೊಂಡರು. ಆದರೂ ರಾಜ್ಯವನ್ನು ಪೂರ್ತಿ ನುಂಗಲಿಲ್ಲ, ಏಕೆಂದರೆ ಚೀನಾದ ಜೊತೆಗಿನ ವ್ಯಾಪಾರ ರ್ಯುಕ್ಯು ಹೆಸರಿನಲ್ಲಿ ಮಾತ್ರ ನಡೆಯಲು ಸಾಧ್ಯವಿತ್ತು. ಹೀಗಾಗಿ ಸಿಂಹಾಸನ ಉಳಿಯಿತು, ದೊರೆ ಉಳಿದ, ಆದರೆ ವರ್ಷವರ್ಷವೂ ಸತ್ಸುಮಾಕ್ಕೆ ತೆರಿಗೆ ಹೋಗುತ್ತಿತ್ತು ಮತ್ತು ಸತ್ಸುಮಾದ ಅಧಿಕಾರಿಗಳು ನಾಹಾದಲ್ಲಿ ಬೀಡುಬಿಟ್ಟಿದ್ದರು. ಚೀನಾದವರ ಎದುರು ಈ ಸಂಗತಿಯನ್ನು ಮರೆಮಾಚುವುದೇ ರಾಜ್ಯದ ಅಧಿಕೃತ ನೀತಿ. ಜಪಾನಿನ ಸಾಮಾನು ಎಲ್ಲಿಂದ ಬಂತೆಂದು ಚೀನೀಯರು ಕೇಳಿದರೆ ತಕರಾ ಎಂಬ ದ್ವೀಪದವರೊಡನೆ ವ್ಯಾಪಾರವಿದೆ ಎಂದು ಹೇಳಬೇಕಾಗಿತ್ತು.

ಈ ಇಬ್ಬರು ಒಡೆಯರ ನಡುವಿನ ರಾಜ್ಯದಲ್ಲಿ 1682ರಲ್ಲಿ ಸಾಯ್ ಓನ್ ಹುಟ್ಟಿದ. ಹುಟ್ಟಿದ್ದು ನಾಹಾಗೆ ಸೇರಿದ ಕುಮೆ ಎಂಬ ಕೇರಿಯಲ್ಲಿ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಚೀನಾದ ಮಿಂಗ್ ವಂಶದ ಚಕ್ರವರ್ತಿ ಫುಜಿಯಾನ್ ಪ್ರಾಂತದಿಂದ ಕಳಿಸಿದ 36 ಕುಟುಂಬಗಳ ಸಂತತಿಯವರು ತಾವೆಂದು ಕುಮೆಯವರು ಹೇಳಿಕೊಳ್ಳುತ್ತಿದ್ದರು. ಹಡಗು ನಡೆಸುವುದು, ಚೀನೀ ಭಾಷೆಯಲ್ಲಿ ರಾಜಪತ್ರ ಬರೆಯುವುದು, ರಾಯಭಾರಿಗಳ ಜೊತೆಗೆ ದುಭಾಷಿಯಾಗಿ ಹೋಗುವುದು ಅವರ ವಂಶಪಾರಂಪರ್ಯದ ಉದ್ಯೋಗ. ಸಾಯ್ ಮನೆತನದವರು ಚೀನಾದ ಸೊಂಗ್ ರಾಜವಂಶದ ಕಾಲದ ಹೆಸರಾಂತ ಅಧಿಕಾರಿ, ಲಿಪಿಕಾರ ತ್ಸಾಯ್ ಶಿಯಾಂಗನ ವಂಶಜರೆಂದು ಹೆಮ್ಮೆಪಡುತ್ತಿದ್ದರು. ತಂದೆ ಸಾಯ್ ತಾಕು ಸ್ವತಃ ದೊಡ್ಡ ವಿದ್ವಾಂಸ. ರಾಜ್ಯದ ಶತಮಾನಗಳ ವಿದೇಶೀ ಪತ್ರವ್ಯವಹಾರದ ಕಡತಗಳನ್ನು ಪ್ರತಿಮಾಡಿಸಿ ಉಳಿಸುವ ಕೆಲಸದಲ್ಲೂ ರಾಜವಂಶದ ಇತಿಹಾಸವನ್ನು ಚೀನೀ ಭಾಷೆಯಲ್ಲಿ ಬರೆಯುವ ಕೆಲಸದಲ್ಲೂ ಅವನ ಕೈಯಿತ್ತು. ಆ ಇತಿಹಾಸವನ್ನು ಮುಂದೆ ಮಗನೇ ಪರಿಷ್ಕರಿಸಿದ. ಇಷ್ಟಾದರೂ ಕುಮೆಯವರನ್ನು ಚೀನೀಯರೆಂದು ಕರೆಯುವುದು ಸರಿಯಲ್ಲ. ಅವರು ರ್ಯುಕ್ಯು ದೊರೆಯ ಪ್ರಜೆಗಳು, ಅವನ ಅಧಿಕಾರಿಗಳು. ಹುದ್ದೆಗೆ ತಕ್ಕ ಬಣ್ಣದ ಮುಂಡಾಸು ಧರಿಸಿ ಶುರಿಯ ಅರಮನೆಯ ಮೆಟ್ಟಿಲು ಹತ್ತುತ್ತಿದ್ದವರು.

ಆ ಮೆಟ್ಟಿಲಲ್ಲಿ ಕುಮೆಯವರು ಎಷ್ಟು ಎತ್ತರಕ್ಕೆ ಹೋಗಬಹುದು ಎಂಬುದಕ್ಕೆ ಅಲಿಖಿತವಾದ ಒಂದು ಮಿತಿ ಇತ್ತು. ರಾಜಕುಮಾರರು, ಅಜಿಗಳೆಂಬ ಸಾಮಂತರು, ಅವರ ಕೆಳಗೆ ಉಎಕಾತಾ ಎಂಬ ಪದವಿಯ ಶ್ರೀಮಂತ ಅಧಿಕಾರಿಗಳು, ಇನ್ನೂ ಕೆಳಗೆ ಪೇಚಿನ್‌ಗಳು, ಹೀಗೆ ಅಲ್ಲಿನ ಶ್ರೇಣಿ. ರಾಜ್ಯಾಡಳಿತದ ನಿಜವಾದ ಅಧಿಕಾರ ಇದ್ದದ್ದು ಸಾನ್‌ಶಿಕನ್ ಎಂಬ ಮೂವರು ಮಂತ್ರಿಗಳ ಕೈಯಲ್ಲಿ. ಅದು ಸಾಮಾನ್ಯವಾಗಿ ಶುರಿಯ ಹಳೆಯ ಮನೆತನಗಳ ಸ್ವತ್ತು. ಸಾಯ್ ಓನ್‌ಗಿಂತ ಮುಂಚೆ ಆ ಸ್ಥಾನಕ್ಕೇರಿದ ಕುಮೆಯವನು ಒಬ್ಬನೇ, ತೇ ದೋ ಎಂಬ ಜಾನಾ ಉಎಕಾತಾ. 1609ರ ಸೋಲಿನ ನಂತರ ಸತ್ಸುಮಾಕ್ಕೆ ಅಧೀನರಾಗಿರುತ್ತೇವೆಂಬ ಪ್ರಮಾಣಪತ್ರಕ್ಕೆ ರುಜು ಹಾಕಲು ಅವನು ಒಪ್ಪಲಿಲ್ಲ, 1611ರಲ್ಲಿ ಅವನ ತಲೆ ಕಡಿಯಲಾಯಿತು. ನೂರಕ್ಕೂ ಹೆಚ್ಚು ವರ್ಷಗಳ ನಂತರ ಅದೇ ಕೇರಿಯಿಂದ ಬಂದು ಅದೇ ಹುದ್ದೆಯಲ್ಲಿ ಕೂತ ಸಾಯ್ ಓನ್ ಹಿಡಿದ ದಾರಿ ಇದಕ್ಕೆ ನೇರ ವಿರುದ್ಧವಾದುದು. ಸತ್ಸುಮಾ ಇದೆ, ಇರುತ್ತದೆ, ಅದರ ಒಳಗೇ ನಮ್ಮ ರಾಜ್ಯವನ್ನು ಗಟ್ಟಿಮಾಡಿಕೊಳ್ಳಬೇಕು ಎಂಬುದು ಅವನ ನಿಲುವು. ಇದನ್ನು ಶರಣಾಗತಿ ಎನ್ನುವವರೂ ಇದ್ದಾರೆ. ಬೇರೆ ಆಯ್ಕೆ ಏನಿತ್ತು ಎಂದು ನನಗಂತೂ ಕಾಣುವುದಿಲ್ಲ.

ಬಾಲ್ಯದಲ್ಲಿ ಅವನು ಓದಿನಲ್ಲಿ ಹಿಂದುಳಿದ ಹುಡುಗ. ಮುಪ್ಪಿನಲ್ಲಿ ಬರೆದ ಆತ್ಮಕಥೆಯಲ್ಲಿ ಅವನೇ ಇದನ್ನು ಮುಚ್ಚಿಡದೆ ಹೇಳಿದ್ದಾನೆ. ಹದಿನಾರನೆಯ ವಯಸ್ಸಿನಲ್ಲಿ ಒಂದು ಬೆಳದಿಂಗಳ ರಾತ್ರಿ ಗೆಳೆಯರ ನಡುವೆ ಜಗಳವಾಗಿ, ತನಗಿಂತ ಕೆಳಗಿನ ಅಂತಸ್ತಿನ ಹುಡುಗನೊಬ್ಬ, ನೀನು ದೊಡ್ಡ ಮನೆತನದಲ್ಲಿ ಹುಟ್ಟಿ ಒಳ್ಳೆಯ ಬಟ್ಟೆ ಹಾಕಿಕೊಂಡಿರುವೆಯೇ ಹೊರತು ವಿದ್ಯೆಯಲ್ಲಿ ರೈತನಿಗಿಂತ ಮೇಲಲ್ಲ ಎಂಬರ್ಥದಲ್ಲಿ ಹೀಯಾಳಿಸಿದನಂತೆ. ಅಂದಿನಿಂದ ಪುಸ್ತಕ ಹಿಡಿದ. 1708ರಲ್ಲಿ ದುಭಾಷಿಯಾಗಿ ಚೀನಾದ ಫುಝೌ ನಗರದಲ್ಲಿದ್ದ ರ್ಯುಕ್ಯು ವಸತಿಗೃಹಕ್ಕೆ ಹೋಗಿ 1710ರವರೆಗೆ ಅಲ್ಲಿ ಇದ್ದ. ಅಲ್ಲಿ ಭೂಲಕ್ಷಣ ಶಾಸ್ತ್ರವನ್ನು, ಅಂದರೆ ಬೆಟ್ಟ, ನೀರು, ಗಾಳಿಗಳ ಹರಿವು ನೋಡಿ ನೆಲದ ಗುಣ ಹೇಳುವ ಚೀನೀಯರ ಫೆಂಗ್ ಶೂಯಿಯನ್ನು ಕಲಿತ. ಇಂದು ಅಂಗಡಿಗಳಲ್ಲಿ ಆಮೆ, ಗಂಟೆ ಮಾರುವ ಫೆಂಗ್ ಶೂಯಿ ಅದಲ್ಲ ಎಂದು ಇಲ್ಲೇ ಹೇಳಿಬಿಡುವುದು ಮೇಲು. ಅದೇ ಊರಿನ ಒಂದು ದೇವಾಲಯದಲ್ಲಿ ಅವನಿಗೆ ಒಬ್ಬ ವಿರಕ್ತನ ಭೇಟಿಯಾಯಿತು. ನೀನು ಓದಿದ್ದೆಲ್ಲ ಬರಿಯ ಅಕ್ಷರ, ಅದರಿಂದ ನಿನ್ನ ನಡತೆಗೂ ನಿನ್ನ ದೇಶದ ಆಡಳಿತಕ್ಕೂ ಏನು ಪ್ರಯೋಜನವಾಯಿತು ಎಂದು ಆತ ಕೇಳಿದನೆಂದೂ, ತನ್ನ ಬಳಿ ಅದಕ್ಕೆ ಉತ್ತರವಿರಲಿಲ್ಲವೆಂದೂ ಸಾಯ್ ಓನ್ ಬರೆದುಕೊಂಡಿದ್ದಾನೆ. ಆ ವಿರಕ್ತ ನಿಜವಾಗಿ ಇದ್ದನೋ ಅಥವಾ ಬೋಧನೆಗಾಗಿ ಕಟ್ಟಿದ ಪಾತ್ರವೋ, ಓದುಗರು ತಮಗೆ ತೋಚಿದಂತೆ ತಿಳಿಯಬಹುದು. ಅವನ ಮುಂದಿನ ಐವತ್ತು ವರ್ಷಗಳ ಕೆಲಸಕ್ಕೂ ಆ ಪ್ರಶ್ನೆಗೂ ಸಂಬಂಧವಿರುವುದು ಮಾತ್ರ ನಿಜ.

ಅವನು ಫುಝೌದಲ್ಲಿದ್ದಾಗಲೇ, 1709ರಲ್ಲಿ, ಶುರಿಯ ಅರಮನೆ ಸುಟ್ಟುಹೋಯಿತು. ಅದೇ ವರ್ಷ ನಾಡಿನಲ್ಲಿ ಭೀಕರ ಕ್ಷಾಮವೂ ಬಂತು. ಅರಮನೆಯನ್ನು ಮತ್ತೆ ಕಟ್ಟಲು ಬೇಕಾದ ದೊಡ್ಡ ಮರ ರ್ಯುಕ್ಯುವಿನ ಕಾಡಿನಲ್ಲಿ ಸಾಕಷ್ಟು ಸಿಗದೆ ಸತ್ಸುಮಾದಿಂದ ದಿಮ್ಮಿಗಳ ನೆರವು ಪಡೆಯಬೇಕಾಯಿತು. ತನ್ನ ದೊರೆಯ ಮನೆಗೆ ಬೇಕಾದ ಕಂಬವನ್ನು ಬೇರೆಯವರಿಂದ ಕೇಳಿ ಪಡೆಯುವ ರಾಜ್ಯ ಎಷ್ಟು ಸ್ವತಂತ್ರ ಎಂಬ ಪ್ರಶ್ನೆ ಆಗಿನ ಅಧಿಕಾರಿಗಳನ್ನು ಕಾಡದೆ ಇರಲಾರದು. ಸಾಯ್ ಓನ್‌ನ ಕಾಡಿನ ಚಿಂತೆಯ ಬೇರು ಇಲ್ಲಿದೆಯೆಂದು ನಾನು ತಿಳಿಯುತ್ತೇನೆ.

ಊರಿಗೆ ಮರಳಿದ ಮೇಲೆ 1711ರಲ್ಲಿ ಅವನನ್ನು ರಾಜಕುಮಾರ ಶೋ ಕೇಯ ಗುರುವಾಗಿ ನೇಮಿಸಲಾಯಿತು. ಎರಡೇ ವರ್ಷದಲ್ಲಿ ಆ ಹುಡುಗ ಹದಿಮೂರನೆಯ ವಯಸ್ಸಿಗೆ ದೊರೆಯಾದ, ಸಾಯ್ ಓನ್ ರಾಜಗುರುವಾದ. ಈ ಹುದ್ದೆಯನ್ನು ಅವನಿಗಾಗಿಯೇ ಸೃಷ್ಟಿಸಲಾಗಿತ್ತು. ಹೊಸ ದೊರೆಗೆ ಚೀನಾದ ಚಕ್ರವರ್ತಿಯಿಂದ ಪಟ್ಟದ ಮನ್ನಣೆ ಪಡೆಯುವುದು ಪದ್ಧತಿ. ಅದನ್ನು ಕೋರಲು 1716ರಲ್ಲಿ ಹೊರಟ ನಿಯೋಗದಲ್ಲಿ ಉಪರಾಯಭಾರಿಯಾಗಿ ಅವನು ಬೀಜಿಂಗ್‌ವರೆಗೆ ಹೋಗಿಬಂದ. 1719ರಲ್ಲಿ ಹಾಯ್ ಪಾವ್ ಮತ್ತು ಶು ಪಾವ್‌ಕ್ವಾಂಗ್ ಎಂಬ ಇಬ್ಬರು ರಾಯಭಾರಿಗಳು ಚಕ್ರವರ್ತಿಯ ಆಜ್ಞಾಪತ್ರದೊಡನೆ ನಾಹಾಗೆ ಬಂದಿಳಿದರು.

ಈ ಭೇಟಿಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಸಾಯ್ ಓನ್ ಎಂಬ ಅಧಿಕಾರಿಯ ನಿಜವಾದ ಪರೀಕ್ಷೆ ನಡೆದದ್ದು ಇಲ್ಲಿ. ಬಂದವರು ಇಬ್ಬರಲ್ಲ, 600ಕ್ಕೂ ಹೆಚ್ಚು ಮಂದಿ, ಮತ್ತು ಅವರು ಅನುಕೂಲ ಗಾಳಿ ಬೀಸುವವರೆಗೆ ತಿಂಗಳುಗಟ್ಟಲೆ ಉಳಿಯುವವರು. ಅವರಿಗೆಲ್ಲ ವಸತಿ, ಊಟ, ಸತ್ಕಾರ ರ್ಯುಕ್ಯು ರಾಜ್ಯದ್ದೇ. ಸತ್ಸುಮಾದ ಅಧಿಕಾರಿಗಳು ಆ ಅವಧಿಯಲ್ಲಿ ಕಣ್ಣಿಗೆ ಬೀಳದಂತೆ ಉರಾಸೊಯೆಯ ಗುಸುಕುಮಾ ಹಳ್ಳಿಗೆ ಸರಿದು ಕೂರುತ್ತಿದ್ದರು. ಅತಿಥಿಗಳ ಮನರಂಜನೆಗೆಂದು ತಮಾಗುಸುಕು ಚೋಕುನ್ ಎಂಬ ಅಧಿಕಾರಿ ಹಾಡು, ಕುಣಿತ, ಮಾತು ಬೆರೆಸಿ ರಚಿಸಿದ ಕುಮಿಓದೊರಿ ಎಂಬ ರೂಪಕ ಮೊದಲ ಬಾರಿ ಪ್ರದರ್ಶನಗೊಂಡದ್ದೂ ಈ ಭೇಟಿಯಲ್ಲೇ. ಕಲೆಯ ಇತಿಹಾಸ ಬರೆಯುವವರು ಈ ಸಂಗತಿಯನ್ನು ಸಂಭ್ರಮದಿಂದ ಹೇಳುತ್ತಾರೆ. ಅದೇ ಹೊತ್ತಿಗೆ ಬಂದರಿನಲ್ಲಿ ನಡೆಯುತ್ತಿದ್ದದ್ದು ಬೇರೆಯೇ ನಾಟಕ.

ಪರಿವಾರದವರೂ ನಾವಿಕರೂ ತಮ್ಮ ಸ್ವಂತ ಲಾಭಕ್ಕಾಗಿ ಹಡಗು ತುಂಬ ಸರಕು ತಂದಿದ್ದರು, ಅದನ್ನು ಆತಿಥೇಯ ರಾಜ್ಯ ಕೊಂಡುಕೊಳ್ಳಬೇಕೆಂಬುದು ರೂಢಿ. ಈ ಬಾರಿ ಅವರು ಕೇಳಿದ ಬೆಲೆ 2,000 ಕನ್ ಬೆಳ್ಳಿ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 7,500 ಕಿಲೋ. ರಾಜ್ಯ ಜೋಡಿಸಿಟ್ಟಿದ್ದು 500 ಕನ್. ಕೊಡಲು ಇಲ್ಲವೆಂದರೆ ನೂರಾರು ಮಂದಿ ರೊಚ್ಚಿಗೇಳುತ್ತಾರೆ, ಚಕ್ರವರ್ತಿಯ ಕಿವಿಗೆ ದೂರು ಹೋಗುತ್ತದೆ. ಸತ್ಸುಮಾದಿಂದ ಸಾಲ ತಂದು ಕೊಟ್ಟರೆ ರಾಜ್ಯ ಹಲವು ವರ್ಷ ತಲೆ ಎತ್ತುವಂತಿಲ್ಲ. ಬೆಳ್ಳಿ ಎಲ್ಲಿಂದ ಬಂತೆಂಬ ಪ್ರಶ್ನೆಯೂ ಏಳುತ್ತದೆ. ಮಾತುಕತೆಯ ಹೊಣೆ ಸಾಯ್ ಓನ್‌ನ ಮೇಲೆ ಬಿತ್ತು. ಚೀನೀಯರ ಭಾಷೆಯನ್ನೂ ಅವರ ಅಧಿಕಾರಿವರ್ಗದ ರೀತಿನೀತಿಗಳನ್ನೂ ಬಲ್ಲವನಾದ ಆತ ಒತ್ತಡಕ್ಕೂ ಬೆದರಿಕೆಗೂ ಬಗ್ಗದೆ, ನಮ್ಮದು ಬಡ ರಾಜ್ಯ, ಇರುವುದು ಇಷ್ಟೇ ಎಂಬ ಮಾತಿಗೆ ಅಂಟಿಕೊಂಡ. ಅದು ನಿಜವೆಂದು ತೋರಿಸಲು ನಾಡಿನ ಮನೆಮನೆಗಳಿಂದ ತಾಮ್ರ, ತವರದ ಪಾತ್ರೆಗಳನ್ನು, ತುರುಬಿನ ಕಡ್ಡಿಗಳನ್ನು ಕೂಡ ಒಟ್ಟುಮಾಡಿಸಿದ. ಕೊನೆಗೆ ಜೋಡಿಸಿಟ್ಟ ಮೊತ್ತಕ್ಕಿಂತ ತುಸು ಹೆಚ್ಚಿಗೆ ಕೊಟ್ಟು ವ್ಯವಹಾರ ಮುಗಿಸಿ, ಉಳಿದ ಸರಕನ್ನು ಬಂದ ಹಡಗಿನಲ್ಲೇ ವಾಪಸು ಕಳಿಸಿದ. ಈ ಯಶಸ್ಸೇ ಅವನನ್ನು ಪಂಡಿತನ ಸ್ಥಾನದಿಂದ ಮಂತ್ರಿಯ ಸ್ಥಾನದ ಕಡೆಗೆ ಕರೆದೊಯ್ದಿತು.

1728ರಲ್ಲಿ ಸಾಯ್ ಓನ್ ಮೂವರು ಮಂತ್ರಿಗಳಲ್ಲಿ ಒಬ್ಬನಾದ. ಒಕಿನಾವಾದ ದಕ್ಷಿಣದಲ್ಲಿರುವ ಗುಶಿಚಾನ್ ಪ್ರದೇಶ ಅವನ ಜಹಗೀರಾಗಿತ್ತು, ಆದ್ದರಿಂದ ಅವನ ಅಧಿಕೃತ ಹೆಸರು ಗುಶಿಚಾನ್ ಉಎಕಾತಾ. ಮುಂದಿನ 24 ವರ್ಷ ರಾಜ್ಯದ ಚುಕ್ಕಾಣಿ ಅವನ ಕೈಯಲ್ಲಿತ್ತು. 1732ರಲ್ಲಿ ಅವನ ನೇತೃತ್ವದಲ್ಲಿ ಮಂತ್ರಿಮಂಡಲ ಹೊರಡಿಸಿದ ‘ಗೊಕ್ಯೋಜೋ’ ಎಂಬ ಶಾಸನವನ್ನು ಹಳ್ಳಿಹಳ್ಳಿಗಳಲ್ಲಿ ಜನರನ್ನು ಸೇರಿಸಿ ಗಟ್ಟಿಯಾಗಿ ಓದಿ ಹೇಳಲಾಗುತ್ತಿತ್ತು. ಹಿಂದೆ ನಮ್ಮ ನಾಡು ಅಸ್ತವ್ಯಸ್ತವಾಗಿತ್ತು, ಸತ್ಸುಮಾದ ಆಳ್ವಿಕೆ ಬಂದ ಮೇಲೆ ಶಾಂತಿ ನೆಲಸಿತು ಎಂದು ಅದು ಆರಂಭವಾಗುತ್ತದೆ. ನಂತರ ರೈತ, ಅಧಿಕಾರಿ, ಗಂಡ, ಹೆಂಡತಿ, ಮಕ್ಕಳು ಹೇಗೆ ನಡೆದುಕೊಳ್ಳಬೇಕೆಂಬ ಉಪದೇಶ. ಇಂದು ಓದಿದರೆ ಬೇಸರವಾಗುವ ಭಾಷೆ. ಗೆದ್ದವರ ಹೊಗಳಿಕೆಯನ್ನು ಸೋತವರ ಮಂತ್ರಿಯ ಬಾಯಲ್ಲಿ ಕೇಳುವುದು ಇನ್ನೂ ಕಷ್ಟ. ಆದರೆ ಅದರ ಒಳಗಿನ ಒತ್ತು ಎಲ್ಲಿದೆ ನೋಡಬೇಕು: ನಾಡಿನ ಹಣೆಬರಹ ನಾಡಿನವರ ದುಡಿಮೆಯಲ್ಲಿದೆ, ಹೊರಗಿನವರ ಕೈಯಲ್ಲಿಲ್ಲ ಎಂಬುದೇ ಅವನ ಚಿಂತನೆಯ ತಿರುಳು.

1734ರಲ್ಲಿ ಬೇಸಾಯದ ನಿಯಮಾವಳಿ ಬಂತು. ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗದಂತೆ ಹೊಲವನ್ನು ನೋಡಿಕೊಳ್ಳುವುದರಿಂದ ಹಿಡಿದು ಹಳ್ಳಿಯ ಅಧಿಕಾರಿಗಳ ಕರ್ತವ್ಯದವರೆಗೆ ಅದರಲ್ಲಿ ಸೂಚನೆಗಳಿವೆ. 1735ರಲ್ಲಿ ಉತ್ತರದ ಹಾನೆಜಿ ಬಯಲಿನಲ್ಲಿ ನದಿ ಉಕ್ಕಿ ಭತ್ತದ ಗದ್ದೆಗಳು ಹಾಳಾದಾಗ ಐವತ್ತು ದಾಟಿದ ಮಂತ್ರಿ ತಾನೇ ಅಲ್ಲಿಗೆ ಹೋಗಿ ನಿಂತು ನದಿಯ ಪಾತ್ರವನ್ನು ತಿದ್ದಿಸಿದ. 1737ರಿಂದ 1750ರವರೆಗೆ ಇಡೀ ರಾಜ್ಯದ ಭೂಮಿಯ ಮೋಜಣಿ ನಡೆಯಿತು. ಆಗ ಅಳತೆಯ ಗುರುತಿಗಾಗಿ ನೆಟ್ಟ, ಜಾಗದ ಹೆಸರು ಕೆತ್ತಿದ ಕಲ್ಲುಗಳು ಈಗಲೂ ಒಕಿನಾವಾದ ಹೊಲದಂಚಿನಲ್ಲಿ, ಪೊದೆಗಳಲ್ಲಿ ಸಿಗುತ್ತವೆ. ನಮ್ಮಲ್ಲಿ ಗಡಿಕಲ್ಲು ಕಿತ್ತು ಬಿಸಾಡಿದ ಪ್ರಕರಣಗಳ ಕಡತ ನೋಡಿದವರಿಗೆ ಅವು ಇಷ್ಟು ಕಾಲ ಉಳಿದದ್ದೇ ಒಂದು ಸೋಜಿಗ.

ಈಗ ಕಾಡಿನ ವಿಷಯ. ಹದಿನೇಳನೆಯ ಶತಮಾನದಲ್ಲಿ ಒಕಿನಾವಾದಲ್ಲಿ ಕಬ್ಬಿನ ಬೇಸಾಯ ಹಬ್ಬಿತು. ಸಕ್ಕರೆ ಕಾಯಿಸಲು ಸೌದೆ, ತುಂಬಿಡಲು ಮರದ ಪೀಪಾಯಿ ಬೇಕು. ಚೀನಾಕ್ಕೆ ಹೋಗುವ ಹಡಗಿಗೆ, ಸತ್ಸುಮಾಕ್ಕೆ ಹೋಗುವ ಹಡಗಿಗೆ, ಅರಮನೆಗೆ, ಹೆಚ್ಚುತ್ತಿದ್ದ ಜನರ ಮನೆಗಳಿಗೆ ನಾಟಾ ಬೇಕು. ಜನಸಂಖ್ಯೆ 2 ಲಕ್ಷದ ಹತ್ತಿರ ಬಂದಿದೆಯೆಂದು ಸಾಯ್ ಓನ್‌ನೇ ಅಂದಾಜು ಮಾಡಿದ್ದ. 1736ರ ಕೊನೆಯಿಂದ 1737ರ ಆರಂಭದವರೆಗೆ ಅವನು ಉತ್ತರದ ಕಾಡುಗಳನ್ನು ಸ್ವತಃ ಸುತ್ತಿ ಪರಿಶೀಲಿಸಿದ, ಆಮೇಲೆ ಒಂದರ ಹಿಂದೊಂದು ನಿಯಮಗಳು ಹೊರಬಂದವು. ಸರ್ಕಾರದ ನಾಟಾ ಕಾಡುಗಳನ್ನು ಗುರುತಿಸಿ, ಯಾವ ಕಾಡು ಯಾವ ಹಳ್ಳಿಯ ಪಾಲನೆಗೆ ಸೇರಿದ್ದು, ಅಲ್ಲಿ ಯಾರು ಏನನ್ನು ಕಡಿಯಬಹುದು, ಕಾವಲಿನವನ ಜವಾಬ್ದಾರಿ ಏನು ಎಂಬುದನ್ನೆಲ್ಲ ಬರೆದಿಟ್ಟ. ಅದೇ ವರ್ಷ ದೊಡ್ಡ ಮರದ ದಿಮ್ಮಿಯನ್ನೇ ಕೊರೆದು ದೋಣಿ ಮಾಡುವುದನ್ನು ನಿಷೇಧಿಸಿ, ಹಲಗೆ ಜೋಡಿಸಿದ ದೋಣಿ ಮಾಡಬೇಕೆಂದು ರಾಜ್ಯ ಆಜ್ಞೆ ಮಾಡಿತು. ಒಂದು ದೋಣಿಗಾಗಿ ಒಂದು ಹಿರಿಯ ಮರ ಉರುಳುವುದು ತಪ್ಪಲೆಂಬ ಲೆಕ್ಕಾಚಾರ ಅದರ ಹಿಂದಿದೆ.

ವೃತ್ತಿಯ ಕಾರಣಕ್ಕೆ ನನಗೆ ಹೆಚ್ಚು ಹಿಡಿಸಿದ್ದು ಅವನು ಕಾಡು ಬೆಳೆಸುವ ಬಗ್ಗೆ ಬರೆದ ಭಾಗ. ಬೆಟ್ಟಗಳು ಒಂದನ್ನೊಂದು ತಬ್ಬಿ ನಿಂತಿರುವ ಜಾಗದಲ್ಲಿ ಒಳಗಿನ ಜೀವಶಕ್ತಿ ಸೋರಿಹೋಗದೆ ಮರ ಚೆನ್ನಾಗಿ ಬೆಳೆಯುತ್ತದೆ. ಎಲ್ಲಿ ತೆರಪಿದೆಯೋ ಅಲ್ಲಿ ಒತ್ತಾಗಿ ಮರಗಳನ್ನು ಉಳಿಸಿ ಆ ಬಾಯಿಯನ್ನು ಮುಚ್ಚಬೇಕು ಎನ್ನುತ್ತಾನೆ. ಭೂಲಕ್ಷಣ ಶಾಸ್ತ್ರದ ಪರಿಭಾಷೆಯನ್ನು ಬದಿಗಿಟ್ಟು ನೋಡಿದರೆ ಇದು ತೂಫಾನಿನ ನಾಡಿನಲ್ಲಿ ಗಾಳಿತಡೆಯ ಬಗ್ಗೆ ಇರುವ ಅನುಭವದ ಮಾತು. ಬೋಳಾದ ಗುಡ್ಡದಲ್ಲಿ ಬೀಜ ಬಿತ್ತುವಾಗ ಹುಲ್ಲನ್ನೆಲ್ಲ ಸವರಿಹಾಕಬಾರದು, ಮೀನಿನ ಹುರುಪೆಗಳ ಆಕಾರದಲ್ಲಿ ಅಲ್ಲಲ್ಲಿ ಪಟ್ಟಿ ತೆರೆದು, ನಡುನಡುವೆ ಎತ್ತರದ ಹುಲ್ಲನ್ನು ಹಾಗೇ ಬಿಟ್ಟು, ಅದರ ಮರೆಯಲ್ಲಿ ಸಸಿ ಏಳುವಂತೆ ಮಾಡಬೇಕು ಎಂಬುದು ಅವನ ಇನ್ನೊಂದು ಸೂಚನೆ. ನೆಡುತೋಪು ಎಂದರೆ ಮೊದಲು ಇಡೀ ಗುಡ್ಡವನ್ನು ಬೋಳಿಸುವುದು ಎಂದೇ ತಿಳಿದ ಕಾಲವೊಂದನ್ನು ನಾನು ಕಂಡಿದ್ದೇನೆ; ಹಾಗಾಗಿ ಈ ಸಾಲುಗಳ ಮುಂದೆ ತುಸು ಹೊತ್ತು ನಿಂತೆ. ಗೆದ್ದಲು ಹತ್ತದ, ಬೇಗ ಕೊಳೆಯದ ಚಾಗಿ ಎಂಬ ಮರ ಅರಮನೆಯ ಕೆಲಸಕ್ಕೆ ಬಹು ಬೆಲೆಯುಳ್ಳದ್ದು. ಅಂಥ ಮರಗಳನ್ನು ಎಲ್ಲಿ, ಹೇಗೆ ಬೆಳೆಸಬೇಕೆಂಬುದರಲ್ಲೂ ಅವನ ನಿಯಮಗಳು ಸ್ಪಷ್ಟವಾಗಿವೆ.

ಆದರೆ ಈ ಕಾಡು ಯಾರಿಗಾಗಿ ಎಂದು ಕೇಳಿದರೆ ಉತ್ತರ ನೇರವಾಗಿದೆ: ರಾಜ್ಯಕ್ಕಾಗಿ. ನೆಡುವವರು ರೈತರು, ಕಾಯುವವರು ರೈತರು, ತೆರಿಗೆಯ ಮೇಲೆ ಈ ಬಿಟ್ಟಿ ಕೆಲಸ ಬೇರೆ. ಕಳ್ಳತನದಿಂದ ಕಡಿದರೆ ಶಿಕ್ಷೆ. ಹುಲಿ, ಹಕ್ಕಿ, ಹೂವಿಗಾಗಿ ಕಾಡು ಇರಲಿ ಎಂಬ ಮಾತು ಅವನಲ್ಲಿ ಎಲ್ಲೂ ಇಲ್ಲ, ಇರಬೇಕೆಂದು ನಿರೀಕ್ಷಿಸುವುದೂ ತಪ್ಪು. ನೂರು ವರ್ಷಗಳ ನಂತರದ ಮಂತ್ರಿಗೆ ದಿಮ್ಮಿ ಸಿಗಬೇಕು ಎಂದು ಯೋಚಿಸುವ ಆಡಳಿತಗಾರರು ಅಪರೂಪ. ಅವನ ದೊಡ್ಡತನ ಇರುವುದು ಅಲ್ಲಿ. ಅದನ್ನು ಪರಿಸರವಾದ ಎಂದು ಕರೆದರೆ ರೈತರ ಬೆವರಿನ ಲೆಕ್ಕ ಪುಟದಿಂದ ಮಾಯವಾಗುತ್ತದೆ.

ಇನ್ನೊಂದು ಸಂಗತಿಯನ್ನು ಹೊಗಳಿಕೆಯ ಲೇಖನಗಳು ಬಿಟ್ಟೇ ಬಿಡುತ್ತವೆ. 1734ರಲ್ಲಿ ಹೆಶಿಕಿಯಾ ಚೋಬಿನ್ ಎಂಬ ತರುಣ ಸಾಹಿತಿಯನ್ನೂ ಅವನ ಗೆಳೆಯ ತೊಮೊಯೊಸೆ ಅಂಜೋನನ್ನೂ ಸೇರಿಸಿ 15 ಮಂದಿಗೆ ಮರಣದಂಡನೆಯಾಯಿತು. ನಾಹಾದಲ್ಲಿದ್ದ ಸತ್ಸುಮಾ ಅಧಿಕಾರಿಯ ಮನೆಗೆ ಅವರು ಪತ್ರ ಹಾಕಿದ್ದರೆಂಬುದು ಆರೋಪ. ಅದರಲ್ಲಿ ಸರ್ಕಾರದ ವಿರುದ್ಧ ದೂರಿತ್ತೆಂದು ಹೇಳುತ್ತಾರೆ, ಆದರೆ ಪತ್ರವಾಗಲಿ ವಿಚಾರಣೆಯ ಪೂರ್ಣ ದಾಖಲೆಯಾಗಲಿ ಉಳಿದಿಲ್ಲ. ಶುರಿಯ ಹಳೆಯ ಮನೆತನದವರಿಗೆ ಕುಮೆಯಿಂದ ಬಂದವನ ಏಳಿಗೆಯ ಬಗ್ಗೆ ಇದ್ದ ಅಸಹನೆ ಇದರ ಹಿಂದಿತ್ತೆಂದು ಕೆಲವರ ಊಹೆ. ಚೋಬಿನ್‌ಗೆ ಆಗ ಮೂವತ್ತೈದರ ಆಸುಪಾಸು. ಅಂದಿನ ಕಟ್ಟಳೆ ಮೀರಿ ಪ್ರೀತಿಸಿದ ಇಬ್ಬರ ಕಥೆಯುಳ್ಳ ಅವನ ರೂಪಕವನ್ನು ಒಕಿನಾವಾದವರು ಇಂದಿಗೂ ಆಡುತ್ತಾರೆ. ಆಳುವವರ ತಪ್ಪನ್ನು ಹೊರಗಿನ ಒಡೆಯನಿಗೆ ಹೇಳುವುದು ಆ ಪುಟ್ಟ ರಾಜ್ಯದಲ್ಲಿ ಎಷ್ಟು ಅಪಾಯದ ಕೆಲಸ ಎಂಬುದು ಅರ್ಥವಾಗುತ್ತದೆ. ಹಾಗೆಂದು ಹದಿನೈದು ತಲೆಗಳನ್ನು ಸಮರ್ಥಿಸಲು ನನ್ನಿಂದಾಗದು.

ಅದೇ ಆಡಳಿತದ ಇನ್ನೊಂದು ಮುಖ ಕೆಲಸವಿಲ್ಲದ ಕುಲೀನರ ಸಮಸ್ಯೆಯನ್ನು ನಿಭಾಯಿಸಿದ ರೀತಿ. ಶುರಿ, ನಾಹಾಗಳಲ್ಲಿ ಅಧಿಕಾರಿ ವರ್ಗದ ಮನೆಗಳು ಹೆಚ್ಚಿ, ಹುದ್ದೆಗಳು ಕಡಿಮೆಯಾಗಿ, ಪದವಿಯ ಹೆಸರಿದ್ದರೂ ಅನ್ನವಿಲ್ಲದವರ ಸಂಖ್ಯೆ ಬೆಳೆದಿತ್ತು. ಅಂಥವರು ಕೈಕಸುಬು ಕಲಿಯಬಹುದು, ವ್ಯಾಪಾರ ಮಾಡಬಹುದು, ಹಳ್ಳಿಗೆ ಹೋಗಿ ಸಾಗುವಳಿ ಮಾಡಬಹುದು, ಅದರಿಂದ ಕುಲಕ್ಕೆ ಕುಂದಿಲ್ಲ ಎಂದು ಸರ್ಕಾರ ಪ್ರೋತ್ಸಾಹಿಸಿತು. ಹೀಗೆ ಹಳ್ಳಿಗಾಡಿಗೆ ಹೋದವರು ಕಟ್ಟಿಕೊಂಡ ಯಾದುಯಿ ಎಂಬ ಚದುರಿದ ಮನೆಗಳ ಊರುಗಳು ಇಂದಿನ ಒಕಿನಾವಾದ ಎಷ್ಟೋ ಬಡಾವಣೆಗಳ ಮೂಲ.

1750ರ ಹೊತ್ತಿಗೆ ರಾಜಧಾನಿಯನ್ನು ಶುರಿಯಿಂದ ಉತ್ತರದ ನಾಗೋಗೆ ಸಾಗಿಸಬೇಕು, ಅಲ್ಲಿ ದ್ವೀಪದ ಕಿರಿದಾದ ಭಾಗದಲ್ಲಿ ಕಾಲುವೆ ತೋಡಿ ಎರಡು ಕಡಲನ್ನು ಸೇರಿಸಬೇಕು ಎಂಬ ವಾದ ಎದ್ದಿತು. ಸಾಯ್ ಓನ್ ಇದನ್ನು ವಿರೋಧಿಸಿ ನಾಗೋದಲ್ಲಿ ಒಂದು ಶಾಸನಕಲ್ಲನ್ನೇ ನಿಲ್ಲಿಸಿದ. ಇಡೀ ದ್ವೀಪದ ಬೆಟ್ಟಸಾಲು ಒಂದೇ ನಾಗನ (ಚೀನೀಯರ ಡ್ರ್ಯಾಗನ್‌ನ) ನಾಡಿ, ಅದನ್ನು ಕತ್ತರಿಸಬಾರದು ಎಂಬುದು ಅದರ ವಾದ. ಖಜಾನೆಯ ಸ್ಥಿತಿ ಬಲ್ಲ ಮಂತ್ರಿಗೆ ಬೇರೆ ಕಾರಣಗಳೂ ಇದ್ದಿರಬೇಕು, ಆದರೆ ನಾಗನಾಡಿಯ ಮಾತಿಗೆ ಎದುರಾಡುವವರು ಕಡಿಮೆ. ಎರಡನೆಯ ಮಹಾಯುದ್ಧದಲ್ಲಿ ಜಖಂಗೊಂಡು ಮತ್ತೆ ನಿಲ್ಲಿಸಿದ ಆ ಕಲ್ಲು ನಾಗೋ ಪಟ್ಟಣದ ರಸ್ತೆಯ ನಡುವೆ ಒಂದು ದೊಡ್ಡ ಆಲದ ಜಾತಿಯ ಮರದ ಪಕ್ಕದಲ್ಲಿದೆ. ಅದೇ ಕಾಲದಲ್ಲಿ ಬರೆದ ‘ಹಿತೋರಿ ಮೊನೊಗತಾರಿ’ ಎಂಬ ಆಡಳಿತ ಚಿಂತನೆಯಲ್ಲಿ, ದೇಶ ಚಿಕ್ಕದೆಂಬುದು ನೆವವಾಗಬಾರದು, ಸರಿಯಾದ ವಿಧಾನವಿದ್ದರೆ ಚಿಕ್ಕ ದೇಶವೂ ತನ್ನ ಹೊಣೆಗಳನ್ನೆಲ್ಲ ತೂಗಿಸಿಕೊಂಡು ಹೋಗಬಲ್ಲದು ಎಂದು ಅವನು ವಾದಿಸುತ್ತಾನೆ. 1752ರಲ್ಲಿ ಶಿಷ್ಯನಾದ ದೊರೆ ತೀರಿಕೊಂಡ ಮೇಲೆ ಸಾಯ್ ಓನ್ ಮಂತ್ರಿಪದವಿಯಿಂದ ನಿವೃತ್ತನಾದ, 1761ರಲ್ಲಿ ಎಂಬತ್ತರ ಅಂಚಿನಲ್ಲಿ ತೀರಿಕೊಂಡ.

ರಾಜ್ಯವೇ ಇಲ್ಲವಾದ ಮೇಲೂ ಅವನ ಕಾಗದಗಳು ಕೆಲಸಕ್ಕೆ ಬಂದವು. ಜಪಾನು ರ್ಯುಕ್ಯುವನ್ನು ಸೇರಿಸಿಕೊಂಡ ಆರು ವರ್ಷಗಳಿಗೆ, 1885ರಲ್ಲಿ, ಒಕಿನಾವಾದ ಹೊಸ ಆಡಳಿತ ಅವನ ಮತ್ತು ಅವನ ನಂತರದವರ ಅರಣ್ಯ ನಿಯಮಗಳನ್ನು ಎಂಟು ಭಾಗಗಳ ಸಂಗ್ರಹವಾಗಿ ಹೊರತಂದಿತು. 1937ರಲ್ಲಿ ನಾಹಾದಲ್ಲಿ ಕಟ್ಟಿದ ಯೊಮೊಚಿ ದೇಗುಲದಲ್ಲಿ ಮೂವರಿಗೆ ಪೂಜೆ ಸಲ್ಲುತ್ತದೆ: ಚೀನಾದಿಂದ ಗೆಣಸು ತಂದ ನೊಗುನಿ ಸೋಕನ್, ಗೆಣಸನ್ನು ಹಬ್ಬಿಸಿ ಸಕ್ಕರೆ ತಯಾರಿಕೆಯನ್ನು ತಂದ ಗಿಮಾ ಶಿಂಜೋ, ಮತ್ತು ಸಾಯ್ ಓನ್. ನಕಿಜಿನ್‌ನ ಹಳೆಯ ಕುದುರೆ ಮೈದಾನದ ಪೈನ್ ಸಾಲಿಗೆ ಜನ ಈಗಲೂ ಅವನ ಹೆಸರನ್ನೇ ಹೇಳುತ್ತಾರೆ. 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಉತ್ತರ ಒಕಿನಾವಾದ ಕಾಡು ಅವನ ಕೊಡುಗೆ ಎಂದು ಬರೆಯುವುದು ಮಾತ್ರ ಅತಿಯಾಯಿತು. ಆ ಕಾಡು 1945ರ ಯುದ್ಧದ ನಂತರ ಮನೆಗಳನ್ನು ಮತ್ತೆ ಕಟ್ಟಲು ಸಾಕಷ್ಟು ಕಡಿಸಿಕೊಂಡು ಪುನಃ ಬೆಳೆದದ್ದು.

2019ರ ಅಕ್ಟೋಬರ್ 31ರಂದು ಶುರಿಯ ಅರಮನೆಯ ಮುಖ್ಯ ಕಟ್ಟಡ ಮತ್ತೆ ಬೆಂಕಿಗೆ ಆಹುತಿಯಾಯಿತು. ಮರುನಿರ್ಮಾಣಕ್ಕೆ ಬೇಕಾದ ಮರದಲ್ಲಿ ಹೆಚ್ಚಿನದು ಈ ಬಾರಿಯೂ ಜಪಾನಿನ ಮುಖ್ಯ ದ್ವೀಪಗಳಿಂದ ಬಂದದ್ದು. ಆದರೆ ಕೆಲವು ತೊಲೆಗಳಿಗೆ ಉತ್ತರದ ಕುನಿಗಾಮಿಯ ಕಾಡಿನ ಓಕ್ ಮರಗಳನ್ನು ಕಡಿದು, 2022ರ ನವೆಂಬರಿನಲ್ಲಿ ಮೆರವಣಿಗೆಯಲ್ಲಿ ಶುರಿಗೆ ತರಲಾಯಿತು. ಆ ಕಟ್ಟಡದ ಬಗ್ಗೆ ತಮ್ಮ ಪತ್ರಿಕೆ ಇನ್ನೊಮ್ಮೆ ಬರೆಯುವಾಗ 1709ರ ಬೆಂಕಿಯನ್ನೂ, ಆಗ ನಾಟಾ ಸಾಲದೆ ಹೋದದ್ದನ್ನೂ, ಆ ಕೊರತೆಯನ್ನು ನೀಗಿಸಲು ಹೊರಟ ಮಂತ್ರಿಯನ್ನೂ ಒಂದೆರಡು ಸಾಲಿನಲ್ಲಾದರೂ ಸೇರಿಸಬೇಕೆಂದು, ಮತ್ತು 1879ಕ್ಕಿಂತ ಹಿಂದಿನ ವಿಷಯ ಬರೆಯುವಾಗ ಆ ನಾಡನ್ನು ರ್ಯುಕ್ಯು ಎಂದೇ ಕರೆಯಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅರಣ್ಯ ನೌಕರ, ಶಿವಮೊಗ್ಗ